ಕಾಲು ಸೂಪಿನ ಪಾಠ: ಮೂಳೆಯಿಂದ ಬಟ್ಟಲಿಗೆ ಇಳಿಯುವುದೇನು?

ಜಾವಗಲ್ ಸೀಮೆಯಲ್ಲಿ ಯಾರಾದರೂ ಬಿದ್ದು ಕೈಯೋ ಕಾಲೋ ಮುರಿದುಕೊಂಡರೆ, ಹೆರಿಗೆಯಾಗಿ ಹೆಣ್ಣುಮಗಳು ತವರಿಗೆ ಬಂದರೆ, ಜ್ವರ ಬಿಟ್ಟು ಸೊರಗಿದವರು ಎದ್ದು ಕೂತರೆ, ನೋಡಲು ಬಂದವರ ಬಾಯಲ್ಲಿ ಬರುವ ಮಾತು ಒಂದೇ: "ಕಾಲು ಸೂಪು ಮಾಡಿ ಕುಡಿಸ್ರಿ." ಕುರಿಯದೋ ಮೇಕೆಯದೋ ನಾಲ್ಕು ಕಾಲು ತಂದು, ಸುಟ್ಟು ಕೆರೆದು, ತುಂಡು ಮಾಡಿ, ಮೆಣಸು ಜೀರಿಗೆ ಜಜ್ಜಿ ಹಾಕಿ ಗಂಟೆಗಟ್ಟಲೆ ಬೇಯಿಸಿ ಬಸಿದ ತಿಳಿಯಾದ ಸಾರು ಅದು. ಊರಿನ ಮುಸ್ಲಿಂ ಮನೆಗಳಲ್ಲಿ ಅದೇ ಕಾಲುಗಳು ಪಾಯ ಆಗುತ್ತವೆ. ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಗುಡ್ಡೆ ಮಾಂಸ ಹಾಕಿದಾಗ ತಲೆ, ಕಾಲು, ಬೋಟಿ ಯಾರ ಪಾಲಿಗೆ ಹೋಗಬೇಕು ಎಂಬುದರ ಮೇಲೆ ಸಣ್ಣ ಜಗಳಗಳೂ ಆಗುವುದುಂಟು. ಕಾಲಿಗೆ ಅಷ್ಟು ಬೆಲೆ.

ಈ ಲೇಖನ ಇದುವರೆಗೆ ಸೂಪು ಕುಡಿದಿದ್ದೀರಿ, ಮಾಡಿಲ್ಲ ಎನ್ನುವವರಿಗೆ. ಅಥವಾ ಮಾಡುತ್ತೀರಿ, ಯಾಕೆ ಒಳ್ಳೆಯದು ಎಂದು ಮಕ್ಕಳು ಕೇಳಿದರೆ "ಮೂಳೆಗೆ ಮೂಳೆ" ಎಂದಷ್ಟೇ ಹೇಳಿ ಸುಮ್ಮನಾಗುತ್ತೀರಿ ಎನ್ನುವವರಿಗೆ. ಮೂಳೆ ಕುದಿಸಿದ ನೀರು ಕುಡಿದರೆ ನಮ್ಮ ಮೂಳೆ ಗಟ್ಟಿಯಾಗುತ್ತದೆ ಎಂಬ ಆ ಲೆಕ್ಕ ಕೇಳುವುದಕ್ಕೆ ಸರಿಯಾಗಿಯೇ ಇದೆ. ಆದರೆ ಪಾತ್ರೆಯೊಳಗೆ ನಡೆಯುವುದು ಬೇರೆ. ಅದನ್ನು ನಿಧಾನವಾಗಿ ನೋಡೋಣ. ಸೂಪಿನ ಮೇಲಿನ ಪ್ರೀತಿ ಅದರಿಂದ ಕಡಿಮೆಯಾಗುವುದಿಲ್ಲ ಎಂಬ ಭರವಸೆ ನನಗಿದೆ. ಕುಡಿಸುವ ರೀತಿ ಮಾತ್ರ ಸ್ವಲ್ಪ ಬದಲಾಗಬಹುದು.

ಮೊದಲು ಒಂದು ಪ್ರಯೋಗ. ಶಾಲೆಯಲ್ಲಿ ವಿಜ್ಞಾನ ಹೇಳುವವರು ಮಾಡಿ ತೋರಿಸುವಂಥದ್ದು; ನೀವು ಮನೆಯಲ್ಲೇ ಮಾಡಬಹುದು. ಊಟವಾದ ಮೇಲೆ ಕೋಳಿಯ ಎರಡು ಕಾಲು ಮೂಳೆಗಳನ್ನು ತೊಳೆದು ಎತ್ತಿಡಿ. ಒಂದನ್ನು ಗಾಜಿನ ಬಾಟಲಿಯಲ್ಲಿ ವಿನೆಗರ್ ತುಂಬಿ ಅದರಲ್ಲಿ ಮುಳುಗಿಸಿಡಿ. ನಡುವೆ ಒಂದೆರಡು ಸಲ ವಿನೆಗರ್ ಬದಲಾಯಿಸುತ್ತಾ ನಾಲ್ಕೈದು ದಿನ ಬಿಟ್ಟು ತೆಗೆದರೆ ಮೂಳೆ ನೋಡಲು ಹಾಗೆಯೇ ಇರುತ್ತದೆ, ಆದರೆ ಬೆರಳಲ್ಲಿ ಹಿಡಿದರೆ ರಬ್ಬರಿನಂತೆ ಬಗ್ಗುತ್ತದೆ. ಇನ್ನೊಂದು ಮೂಳೆಯನ್ನು ಒಲೆಯ ಕೆಂಡದಲ್ಲಿ ಬೆಳ್ಳಗಾಗುವವರೆಗೆ ಸುಡಿ. ಅದೂ ಆಕಾರ ಉಳಿಸಿಕೊಂಡಿರುತ್ತದೆ, ಆದರೆ ಒತ್ತಿದರೆ ಪುಡಿಪುಡಿ.

ಈ ಎರಡು ಮೂಳೆಗಳು ಹೇಳುವುದು ಇಷ್ಟು. ಮೂಳೆ ಎಂಬುದು ಎರಡು ವಸ್ತುಗಳ ಹೆಣಿಗೆ. ಒಂದು, ಕ್ಯಾಲ್ಸಿಯಂ (ಆಡುಮಾತಿನ ಸುಣ್ಣ) ಮತ್ತು ರಂಜಕ ಸೇರಿದ ಗಟ್ಟಿ ಖನಿಜ. ಮೂಳೆಯ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇದೇ. ಇನ್ನೊಂದು, ಕೊಲಾಜೆನ್ ಎಂಬ ಪ್ರೋಟೀನಿನ ನಾರು. ಇನ್ನುಳಿದ ಪಾಲಿನಲ್ಲಿ ಹೆಚ್ಚಿನದು ಅದು. ವಿನೆಗರ್‌ನ ಹುಳಿ ಖನಿಜವನ್ನು ಕರಗಿಸಿತು, ನಾರು ಉಳಿಯಿತು, ಮೂಳೆ ಬಗ್ಗಿತು. ಬೆಂಕಿ ನಾರನ್ನು ಸುಟ್ಟಿತು, ಖನಿಜ ಉಳಿಯಿತು, ಮೂಳೆ ಪುಡಿಯಾಯಿತು.

ಮೂರನೆಯ ಮೂಳೆ ನಮ್ಮ ಸೂಪಿನ ಪಾತ್ರೆಯಲ್ಲಿದೆ. ಕುದಿಯುವ ನೀರು ಏನು ಮಾಡುತ್ತದೆ? ಖನಿಜವನ್ನು ಮುಟ್ಟುವುದೇ ಅಪರೂಪ. ಅದು ಬಿಡಿಸಿಕೊಂಡು ಬರುವುದು ನಾರನ್ನು. ಸೂಪು ಬಸಿದ ಮೇಲೆ ತಟ್ಟೆಯಲ್ಲಿ ಉಳಿದ ಮೂಳೆಯನ್ನು ನೋಡಿ: ಸುಣ್ಣದ ಭಾಗ ಬಹುಪಾಲು ಅಲ್ಲೇ ಇದೆ, ಗಟ್ಟಿಯಾಗಿಯೇ ಇದೆ. ಚರ್ಮ, ನರ, ಕೀಲಿನ ಮೆತ್ತನೆಯ ಮೂಳೆ ಕರಗಿ ಹೋಗಿವೆ.

ಆ ಕೊಲಾಜೆನ್ ಎಂಥ ವಸ್ತು ಎಂದು ಕಂಡುಕೊಂಡವರಲ್ಲಿ ನಮ್ಮ ದೇಶದವರ ಹೆಸರು ಮುಂದಿದೆ. ಜಿ. ಎನ್. ರಾಮಚಂದ್ರನ್ ಅವರು ಗೋಪಿನಾಥ್ ಕರ್ತಾ ಅವರ ಜೊತೆ ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದಾಗ, 1954ರಿಂದ 1955ರ ನಡುವೆ, ಕೊಲಾಜೆನ್ನಿನ ರಚನೆಯನ್ನು ವಿವರಿಸಿದರು. ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಜೈವಿಕ ಅಣುಗಳ ಭೌತವಿಜ್ಞಾನಕ್ಕೇ ಒಂದು ವಿಭಾಗ ಕಟ್ಟಿದರು. ಅವರು ಕಂಡದ್ದನ್ನು ನಮ್ಮ ಅರಸೀಕೆರೆ ಕಡೆಯವರಿಗೆ ವಿವರಿಸುವುದು ಸುಲಭ: ತೆಂಗಿನ ನಾರಿನ ಮೂರು ಎಳೆಗಳನ್ನು ಹುರಿಗೊಳಿಸಿ ಹಗ್ಗ ಹೊಸೆದ ಹಾಗೆ, ಕೊಲಾಜೆನ್ನಿನಲ್ಲಿ ಮೂರು ಪ್ರೋಟೀನ್ ಎಳೆಗಳು ಒಂದಕ್ಕೊಂದು ಸುತ್ತಿಕೊಂಡಿರುತ್ತವೆ. ಎಳೆಗಳು ಅಷ್ಟು ಒತ್ತಾಗಿ ಕೂರಬೇಕಾದರೆ ಪ್ರತಿ ಮೂರನೆಯ ಜಾಗದಲ್ಲಿ ಗ್ಲೈಸಿನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲವೇ ಇರಬೇಕು. ಆದ್ದರಿಂದಲೇ ಕೊಲಾಜೆನ್ನಿನ ಅಮೈನೋ ಆಮ್ಲಗಳಲ್ಲಿ ಎಣಿಕೆಯಲ್ಲಿ ಸುಮಾರು ಮೂರನೇ ಒಂದು ಪಾಲು ಗ್ಲೈಸಿನ್.

ಬಿಸಿ ನೀರಲ್ಲಿ ಗಂಟೆಗಟ್ಟಲೆ ಬೆಂದಾಗ ಈ ಹುರಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಎಳೆಗಳಿಗೆ ಜೆಲಟಿನ್ ಎಂದು ಹೆಸರು. ಸೂಪು ಕುಡಿದ ಮೇಲೆ ತುಟಿ ಒಂದಕ್ಕೊಂದು ಅಂಟುವುದು ಅದರಿಂದ. ತಣ್ಣಗಾದ ಸೂಪು ಮಾರನೆಯ ಬೆಳಿಗ್ಗೆ ಅಲುಗಾಡುವ ಗಟ್ಟಿಯಾಗಿ ಕೂತಿರುವುದೂ ಅದರಿಂದಲೇ. ಸೂಪು ಕೆಟ್ಟಿತೇನೋ ಎಂದು ಹೊಸಬರು ಅದನ್ನು ಚೆಲ್ಲುವುದುಂಟು. ಚೆಲ್ಲಬೇಡಿ, ಗಟ್ಟಿ ಕಟ್ಟಿದ್ದು ಚೆನ್ನಾಗಿ ಬೆಂದದ್ದಕ್ಕೆ ಗುರುತು.

ಹಾಗಾದರೆ ಕುಡಿದ ಜೆಲಟಿನ್ ನೇರವಾಗಿ ಮಂಡಿಗೆ ಹೋಗಿ ಸವೆದ ಕೀಲನ್ನು ತುಂಬುತ್ತದೆಯೇ? ಇಲ್ಲ. ಹೊಟ್ಟೆ ಅದನ್ನೂ ಬೇರೆ ಪ್ರೋಟೀನಿನಂತೆಯೇ ಚೂರುಚೂರು ಮಾಡುತ್ತದೆ. ಅಮೈನೋ ಆಮ್ಲಗಳು, ಅವುಗಳ ಕೆಲವು ಸಣ್ಣ ತುಣುಕುಗಳು ರಕ್ತಕ್ಕೆ ಸೇರುತ್ತವೆ. ದೇಹ ತನಗೆ ಬೇಕಾದ ಕಡೆ ಬೇಕಾದಂತೆ ಬಳಸುತ್ತದೆ. 2017ರಲ್ಲಿ ಕೆಲವೇ ಯುವಕರ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ವ್ಯಾಯಾಮಕ್ಕೆ ಮುಂಚೆ 15 ಗ್ರಾಂ ಜೆಲಟಿನ್ನನ್ನು ವಿಟಮಿನ್ ಸಿ ಜೊತೆ ಕೊಟ್ಟಾಗ ದೇಹದಲ್ಲಿ ಹೊಸ ಕೊಲಾಜೆನ್ ತಯಾರಾಗುವ ಸೂಚನೆ ಹೆಚ್ಚಿತು. ಆಸೆ ಹುಟ್ಟಿಸುವ ಫಲಿತಾಂಶ ನಿಜ. ಆದರೆ ಅಲ್ಲಿ ಕೊಟ್ಟದ್ದು ತೂಗಿ ಅಳೆದ ಜೆಲಟಿನ್ ಪುಡಿ. 2019ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಮನೆಯಲ್ಲಿ, ಹೋಟೆಲಿನಲ್ಲಿ ಮಾಡಿದ ಮೂಳೆ ಸಾರುಗಳನ್ನು ಪರೀಕ್ಷಿಸಿದಾಗ, ಕೊಲಾಜೆನ್ನಿಗೆ ಬೇಕಾದ ಅಮೈನೋ ಆಮ್ಲಗಳು ಒಂದರಿಂದ ಇನ್ನೊಂದಕ್ಕೆ ಬಹಳ ವ್ಯತ್ಯಾಸವಾಗುತ್ತವೆ, ಅಂಥ ಪುಡಿಯಲ್ಲಿರುವಷ್ಟು ಪ್ರಮಾಣ ಖಂಡಿತ ಸಿಗುತ್ತದೆ ಎನ್ನಲಾಗದು ಎಂದು ಕಂಡರು. ಮಂಡಿ ನೋವಿಗೆ ಸೂಪೇ ಮದ್ದು ಎಂದು ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ.

ಸುಣ್ಣದ ಲೆಕ್ಕಕ್ಕೆ ಬರೋಣ. ಇಲ್ಲಿ ತಪ್ಪು ತಿಳಿವಳಿಕೆ ಹೆಚ್ಚು, ಅದರಿಂದ ನಷ್ಟವೂ ಹೆಚ್ಚು. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಎಳೆಮಕ್ಕಳಿಗೆ ಮೂಳೆ ಮತ್ತು ತರಕಾರಿಯ ಸಾರು ಕುಡಿಸುವುದು ಆಸ್ಪತ್ರೆಗಳಲ್ಲೇ ರೂಢಿಯಲ್ಲಿತ್ತು. 1934ರಲ್ಲಿ ಮೆಕ್ಯಾನ್ಸ್, ಶೆಲ್ಡನ್, ವಿಡ್ಡೋಸನ್ ಎಂಬ ಮೂವರು ಅದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಮೂಳೆಯಿಂದ ಸಾರಿಗೆ ಬಂದ ಕ್ಯಾಲ್ಸಿಯಂ ತೀರಾ ಸ್ವಲ್ಪ. ಸಾರಿಗೆ ಖನಿಜ ಕೊಟ್ಟದ್ದು ಹೆಚ್ಚಾಗಿ ತರಕಾರಿಗಳೇ. 2017ರಲ್ಲಿ ತೈವಾನಿನಲ್ಲಿ ಮತ್ತೆ ಅಳೆದಾಗಲೂ ಒಂದು ಸಲಕ್ಕೆ ಕುಡಿಯುವ ಸೂಪಿನಲ್ಲಿರುವ ಕ್ಯಾಲ್ಸಿಯಂ ದಿನದ ಅಗತ್ಯದ ಶೇ. 5ಕ್ಕಿಂತ ಕಡಿಮೆ ಎಂದೇ ಬಂತು. ಹುಳಿ ಹಾಕಿ ಬೇಯಿಸಿದರೆ ಹೆಚ್ಚು ಇಳಿಯುತ್ತದೆ ಎಂಬುದು ಸರಿ, ವಿನೆಗರ್ ಪ್ರಯೋಗದಲ್ಲಿ ನೀವೇ ಕಂಡಿರಿ. ಆದರೆ ನಾವು ಕುಡಿಯಬಲ್ಲಷ್ಟು ಹುಳಿಯಲ್ಲಿ ಅದು ಹೇಳಿಕೊಳ್ಳುವಷ್ಟಾಗುವುದಿಲ್ಲ.

ಈಗ ಸೂಪಿನ ಬಟ್ಟಲ ಪಕ್ಕದಲ್ಲಿರುವ ತಟ್ಟೆ ನೋಡಿ. ಅಲ್ಲಿ ಮುದ್ದೆ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದೇ ತೂಕದ ನುಗ್ಗೆ ಸೊಪ್ಪಿನಲ್ಲಿ 300 ಮಿಲಿಗ್ರಾಂ ದಾಟುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 1000 ಮಿಲಿಗ್ರಾಂ. ರಾಗಿಯಲ್ಲಿರುವುದೆಲ್ಲ ಮೈಗೆ ಹತ್ತುವುದಿಲ್ಲ ಎಂದು ಕಳೆದರೂ ಒಂದು ಬಟ್ಟಲು ಸೂಪಿಗಿಂತ ಒಂದು ಮುದ್ದೆ ಕೊಡುವುದು ಬಹಳ ಹೆಚ್ಚು. ಮೂಳೆ ಮುರಿದವರಿಗೆ ಸೂಪು ಕುಡಿಸಿ "ಮುದ್ದೆ ಭಾರ, ಬೇಡ" ಎಂದು ಬರೀ ಅನ್ನ ಹಾಕುವ ಮನೆಗಳಿವೆ. ಸುಣ್ಣ ಇರುವುದನ್ನೇ ದೂರ ಇಟ್ಟ ಹಾಗಾಯಿತು. ಮುದ್ದೆ ಕಷ್ಟವಾದರೆ ರಾಗಿ ಗಂಜಿ ಮಾಡಿ, ಹಾಲು ಕೊಡಿ, ಬೆಳಗಿನ ಬಿಸಿಲಲ್ಲಿ ಸ್ವಲ್ಪ ಹೊತ್ತು ಕೂರಿಸಿ.

ಇನ್ನೊಂದು ಹಳೆಯ ಪಾಠವೂ ಇದೆ, ಪ್ಯಾರಿಸ್ಸಿನದು. ಫ್ರಾನ್ಸಿನ ಕ್ರಾಂತಿಯ ಆಮೇಲಿನ ದಶಕಗಳಲ್ಲಿ ಬಡವರಿಗೆ, ಆಸ್ಪತ್ರೆಯ ರೋಗಿಗಳಿಗೆ ಮಾಂಸದ ಬದಲು ಮೂಳೆಯಿಂದ ತೆಗೆದ ಜೆಲಟಿನ್ ಸೂಪು ಕೊಟ್ಟರೆ ಸಾಕು, ಅಗ್ಗದಲ್ಲಿ ಪೋಷಣೆಯಾಗುತ್ತದೆ ಎಂಬ ವಾದ ಬಲವಾಗಿತ್ತು. ಸರಿಯೋ ತಪ್ಪೋ ನೋಡಲು ಶರೀರವಿಜ್ಞಾನಿ ಮಜಾಂಡಿ ಅವರ ಮುಂದಾಳುತನದಲ್ಲಿ ಒಂದು ಸಮಿತಿ ಕೂತಿತು. 1841ರಲ್ಲಿ ಅದು ವರದಿ ಕೊಟ್ಟಿತು: ಜೆಲಟಿನ್ ಒಂದನ್ನೇ ತಿನ್ನಿಸಿದ ನಾಯಿಗಳು ಸೊರಗಿಹೋದವು. ಕಾರಣ ಆಗ ತಿಳಿದಿರಲಿಲ್ಲ. ಈಗ ಗೊತ್ತು: ದೇಹ ತಾನೇ ತಯಾರಿಸಿಕೊಳ್ಳಲಾಗದ, ಹೊರಗಿನಿಂದಲೇ ಬರಬೇಕಾದ ಅಮೈನೋ ಆಮ್ಲಗಳಲ್ಲಿ ಟ್ರಿಪ್ಟೊಫಾನ್ ಎಂಬುದು ಜೆಲಟಿನ್ನಿನಲ್ಲಿ ಇಲ್ಲವೇ ಇಲ್ಲ. ಬೇರೆ ಕೆಲವು ಕೂಡ ಕಡಿಮೆ. ಆದ್ದರಿಂದ ಸೂಪು ಊಟದ ಜೊತೆಗಾರ. ಊಟದ ಜಾಗದಲ್ಲಿ ಅದು ನಿಲ್ಲಲಾರದು.

ಈ ಮಾತನ್ನು ಬಾಣಂತಿಯರ ಮನೆಯವರಿಗೆ ಒತ್ತಿ ಹೇಳುತ್ತೇನೆ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 17 ಗ್ರಾಂ ಪ್ರೋಟೀನ್ ಹೆಚ್ಚಿಗೆ ಬೇಕು. ಆದರೆ ಪಥ್ಯದ ಹೆಸರಲ್ಲಿ ನಮ್ಮಲ್ಲಿ ಸೊಪ್ಪು ಬೇಡ, ಹಣ್ಣು ಬೇಡ, ನೀರು ಕೂಡ ಎಣಿಸಿ ಕುಡಿಯಬೇಕು. ಇದರ ಮಧ್ಯೆ ಒಂದು ಬಟ್ಟಲು ಸೂಪು ಕೊಟ್ಟು ಎಲ್ಲ ಕೊಟ್ಟೆವು ಎಂದುಕೊಳ್ಳುವುದು ಅನ್ಯಾಯ. ಸೂಪು ಕೊಡಿ, ಅದರ ಜೊತೆ ಕಾಲಿನ ಮೆತ್ತನೆಯ ತುಂಡುಗಳು, ಮಾಂಸ, ಮೊಟ್ಟೆ, ಬೇಳೆ, ಸೊಪ್ಪು ಕೊಡಿ. ನೀರು ಬಾಯಾರಿದಷ್ಟೂ ಕುಡಿಯಲಿ. ಬಾಣಂತನದಲ್ಲಿ ಸೂಪಿನ ಒಂದು ದೊಡ್ಡ ಉಪಕಾರ ಇದೇ ಎಂದು ನನಗನ್ನಿಸುತ್ತದೆ: ನೀರು ಬೇಡ ಎನ್ನುವ ಅಜ್ಜಿಯೂ ಸೂಪು ಬೇಡ ಎನ್ನುವುದಿಲ್ಲ. ಹಾಗಾಗಿ ಆ ತಾಯಿಯ ಹೊಟ್ಟೆಗೆ ಒಂದಿಷ್ಟು ನೀರಾದರೂ ಹೋಗುತ್ತದೆ.

ಅಲ್ಲಿಂದಲೇ ಸೂಪಿನ ನಿಜವಾದ ಗುಣಗಳು ಶುರು. ಜ್ವರ, ಭೇದಿ, ನೆಗಡಿಯಲ್ಲಿ ಮೈಯಿಂದ ನೀರು ಉಪ್ಪು ಹೋಗಿರುತ್ತವೆ, ಬಾಯಿಗೆ ರುಚಿ ಇರುವುದಿಲ್ಲ, ಅಗಿಯಲು ತ್ರಾಣವಿರುವುದಿಲ್ಲ. ಬಿಸಿಯಾದ, ಹದವಾದ ಉಪ್ಪಿನ, ಮೆಣಸಿನ ಘಾಟಿನ ಸೂಪು ಆಗ ಒಳಗೆ ಇಳಿಯುತ್ತದೆ, ಹಸಿವನ್ನು ಎಬ್ಬಿಸುತ್ತದೆ. 1978ರಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಯೊಂದರಲ್ಲಿ ಬಿಸಿ ಕೋಳಿ ಸೂಪು ಕುಡಿದವರ ಮೂಗಿನ ಸಿಂಬಳ ಬೇಗ ಸರಿಯಿತು, ತಣ್ಣೀರು ಕುಡಿದವರದು ನಿಧಾನವಾಯಿತು. ಚರಕಸಂಹಿತೆಯೂ ಕೃಶರಾದವರಿಗೆ, ಕಾಯಿಲೆಯಿಂದ ಎದ್ದವರಿಗೆ ಮಾಂಸರಸವನ್ನು ಹೇಳುತ್ತದೆ. ಹಲ್ಲಿಲ್ಲದ ಅಜ್ಜನಿಗೆ ಮಟನ್ ತುಂಡು ಅಗಿಯಲಾಗದು, ಸೂಪಿನಲ್ಲಿ ನೆನೆಸಿದ ಮುದ್ದೆ ನುಂಗಬಲ್ಲ. ಆ ಮುದ್ದೆಯ ಸುಣ್ಣ ಅವನ ಹೊಟ್ಟೆ ಸೇರಲು ಸೂಪೇ ದಾರಿ. ಇವು ಸಣ್ಣ ಗುಣಗಳಲ್ಲ. ಮಟನ್ನಿನ ಬೆಲೆ ಏರಿರುವಾಗ ಕಾಲು, ತಲೆ, ಎದೆಮೂಳೆಗಳನ್ನು ಬಿಸಾಡದೆ ಬಳಸುವುದಂತೂ ಸಂಸಾರವಂದಿಗರಿಗೆ ಬೇಕಾದ ವಿದ್ಯೆ.

ಇನ್ನು ಮಾಡುವ ಬಗೆ.

ಕಾಲುಗಳನ್ನೇ ಆರಿಸಿಕೊಳ್ಳುವುದು ಯಾಕೆಂದರೆ ಅಲ್ಲಿ ಮಾಂಸ ಕಡಿಮೆ, ಚರ್ಮ, ನರ, ಕೀಲು ಹೆಚ್ಚು. ಜೆಲಟಿನ್ ಇರುವುದು ಅವುಗಳಲ್ಲಿ. ನಲ್ಲಿ ಮೂಳೆಯನ್ನು ಎಲ್ಲರೂ ಬಯಸುತ್ತಾರೆ, ಆದರೆ ಅದರೊಳಗಿನ ಮಜ್ಜೆ ಬಹುಪಾಲು ಕೊಬ್ಬು. ರುಚಿಗೆ ಒಂದೆರಡು ಇರಲಿ. ಕೋಳಿಯಾದರೆ ಪಾದಗಳು ಒಳ್ಳೆಯವು. ನಾಟಿ ಕೋಳಿ ಬೇಯಲು ಹೊತ್ತು ಬೇಕು ಎಂದು ಬೇಸರ ಬೇಡ: ಪ್ರಾಣಿಗೆ ವಯಸ್ಸಾದಷ್ಟೂ ಕೊಲಾಜೆನ್ ಎಳೆಗಳ ನಡುವೆ ಬೆಸುಗೆ ಹೆಚ್ಚು, ಬಿಡಿಸಲು ಹೆಚ್ಚು ಹೊತ್ತು. ಸುಮಾರು ಆರು ವಾರಕ್ಕೇ ಕೊಯ್ಯುವ ಬ್ರಾಯ್ಲರ್‌ನಲ್ಲಿ ಆ ಬೆಸುಗೆ ಇನ್ನೂ ಬಿಗಿದಿರುವುದಿಲ್ಲ.

ಅಂಗಡಿಯಲ್ಲೇ ಕಾಲನ್ನು ಸುಡಿಸಿ, ಗೊರಸು ತೆಗೆಸಿ, ತುಂಡು ಮಾಡಿಸಿ ತನ್ನಿ. ಮನೆಗೆ ತಂದ ಮೇಲೆ ಕಪ್ಪಾದ ಮೇಲ್ಪದರವನ್ನು ಚಾಕುವಿನಿಂದ ಕೆರೆದು, ಅರಿಶಿನ ಉಪ್ಪು ಹಚ್ಚಿ ಉಜ್ಜಿ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಗೊರಸಿನ ಸಂದಿಯಲ್ಲಿ ಕೂದಲು ಉಳಿಯುತ್ತದೆ. ಅಲ್ಲಿ ಆತುರ ಬೇಡ. ಸೂಪಿನ ವಾಸನೆ ಕೆಡುವುದು ಸಾಮಾನ್ಯವಾಗಿ ಇಲ್ಲಿಯ ಅವಸರದಿಂದ.

ನಾಲ್ಕು ಕಾಲಿಗೆ ಎರಡು ಲೀಟರ್ ನೀರು ಸಾಕು. ತುಂಡುಗಳನ್ನು ತಣ್ಣೀರಿಗೇ ಹಾಕಿ ಒಲೆ ಹಚ್ಚಿ. ಕುದಿ ಬರುವಾಗ ಮೇಲೆ ಬರುವ ಕಂದು ನೊರೆಯನ್ನು ಸೌಟಿನಿಂದ ತೆಗೆದು ಚೆಲ್ಲಿ. ಆಮೇಲೆ ಒಂದು ಚಮಚ ಮೆಣಸು, ಒಂದು ಚಮಚ ಜೀರಿಗೆ, ಎರಡು ಚಮಚ ಕೊತ್ತಂಬರಿ ಬೀಜ ಬೆಚ್ಚಗೆ ಹುರಿದು ಕುಟ್ಟಿ ಹಾಕಿ. ಒಂದು ಗೆಡ್ಡೆ ಬೆಳ್ಳುಳ್ಳಿ, ಒಂದಿಂಚು ಶುಂಠಿ ಜಜ್ಜಿ ಹಾಕಿ. ಹತ್ತು ಸಣ್ಣ ಈರುಳ್ಳಿ, ಒಂದು ಟೊಮೆಟೊ, ಚಿಟಿಕೆ ಅರಿಶಿನ. 1934ರ ಪಾಠ ನೆನಪಿದ್ದರೆ ಕೊನೆಯ ಹತ್ತು ನಿಮಿಷಕ್ಕೆ ಒಂದು ಹಿಡಿ ನುಗ್ಗೆ ಸೊಪ್ಪನ್ನೂ ಸೇರಿಸಿ. ಉಪ್ಪು ಮಾತ್ರ ಕೊನೆಗೆ, ಯಾಕೆಂದರೆ ನೀರು ಇಂಗಿದಷ್ಟೂ ಉಪ್ಪು ಜಾಸ್ತಿಯಾಗುತ್ತದೆ.

ಸೌದೆ ಒಲೆಯಲ್ಲಾದರೆ ಸಣ್ಣ ಉರಿಯಲ್ಲಿ ನಾಲ್ಕೈದು ಗಂಟೆ. ಅರಸೀಕೆರೆ ಸೀಮೆ ಸಮುದ್ರಮಟ್ಟದಿಂದ 800 ಮೀಟರ್ ಆಸುಪಾಸಿನ ಎತ್ತರದಲ್ಲಿರುವುದರಿಂದ ನಮ್ಮ ನೀರು ಕುದಿಯುವುದು 97 ಡಿಗ್ರಿಯ ಹತ್ತಿರ. ಕರಾವಳಿಯ ಅಡುಗೆಮನೆಗಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುವುದು ಸಹಜ. ಕುಕ್ಕರಿನೊಳಗೆ ಶಾಖ 120 ಡಿಗ್ರಿವರೆಗೆ ಏರುತ್ತದೆ. ಕುಕ್ಕರ್ ಹುಟ್ಟಿದ್ದೇ ಮೂಳೆಗಾಗಿ ಎಂದರೂ ನಡೆದೀತು: 1679ರಲ್ಲಿ ಡೆನಿ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ ಮಾಡಿ ತೋರಿಸಿದ ಭದ್ರ ಮುಚ್ಚಳದ ಪಾತ್ರೆಯ ಹೆಚ್ಚುಗಾರಿಕೆ ಮೂಳೆಯನ್ನು ಮೆತ್ತಗೆ ಮಾಡುವುದೇ ಆಗಿತ್ತು. ನಿಮ್ಮ ಕುಕ್ಕರಿನಲ್ಲಿ ಮೊದಲ ಕೂಗು ಬಂದ ಮೇಲೆ ಉರಿ ಸಣ್ಣ ಮಾಡಿ ಮುಕ್ಕಾಲು ಗಂಟೆ ಬಿಡಿ. ಚರ್ಮ ಬೆರಳಿಗೆ ಬಿಟ್ಟುಕೊಂಡರೆ ಆಯಿತು, ಇಲ್ಲದಿದ್ದರೆ ಇನ್ನೊಂದು ಕಾಲು ಗಂಟೆ. ಇಳಿಸಿ, ಉಪ್ಪು ಹಾಕಿ, ಕೊತ್ತಂಬರಿ ಸೊಪ್ಪು ಉದುರಿಸಿ, ಬಟ್ಟಲಿಗೆ ಬಗ್ಗಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ನಮ್ಮ ದೇಹ ತನ್ನದೇ ಕೊಲಾಜೆನ್ ಕಟ್ಟಿಕೊಳ್ಳಲು ವಿಟಮಿನ್ ಸಿ ಬೇಕೇ ಬೇಕು, ಕುದಿಸಿದರೆ ಅದು ಹಾಳಾಗುತ್ತದೆ. ಆದ್ದರಿಂದ ನಿಂಬೆ ಕೊನೆಗೆ.

ಎಲ್ಲರಿಗೂ ಇದು ಹಿಡಿಸುವುದಿಲ್ಲ. ಯೂರಿಕ್ ಆಮ್ಲ ಹೆಚ್ಚಿ ಕಾಲ್ಬೆರಳು ಊದಿಕೊಳ್ಳುವ ತೊಂದರೆ ಇದ್ದವರಿಗೆ ಮಾಂಸದ ಪ್ಯೂರಿನ್ ಸೂಪಿಗೆ ಇಳಿದು ನೋವು ಕೆರಳಿಸಬಹುದು. ಬಿಪಿ ಇದ್ದವರು ಉಪ್ಪು ಕಡಿಮೆ ಮಾಡಬೇಕು. ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಕುಡಿಯಬಾರದು. ಕೊಬ್ಬು ಬೇಡವೆಂದವರು ಸೂಪನ್ನು ತಣಿಸಿದರೆ ಮೇಲೆ ಬಿಳಿಯ ಪದರವಾಗಿ ಕಟ್ಟುತ್ತದೆ, ಚಮಚದಲ್ಲಿ ಎತ್ತಿಬಿಡಬಹುದು. ಪ್ರಾಣಿಯ ಮೂಳೆಯಲ್ಲಿ ಸೀಸ ಸೇರಿಕೊಂಡಿರುತ್ತದಲ್ಲ ಎಂಬ ಭಯ ಕೆಲವರಿಗಿದೆ; ತೈವಾನಿನ ಅದೇ ಅಧ್ಯಯನದಲ್ಲಿ ಸಿಕ್ಕಿದ್ದು ಒಂದು ಬಟ್ಟಲಿಗೆ ಕೆಲವೇ ಮೈಕ್ರೋಗ್ರಾಂ, ಅಪಾಯ ಅತ್ಯಲ್ಪ ಎಂದೇ ಅವರು ಹೇಳಿದರು. ವರ್ಷ ತುಂಬದ ಕೂಸಿಗೆ ಉಪ್ಪು ಹಾಕಿದ ಸೂಪು ಬೇಡ.

ಮಾಂಸ ತಿನ್ನದ ಮನೆಗಳು ನಮ್ಮ ಸೀಮೆಯಲ್ಲಿ ಬಹಳ. ಅವರು ಏನನ್ನೋ ಕಳೆದುಕೊಂಡಿದ್ದೇವೆ ಎಂದು ಕೊರಗಬೇಕಿಲ್ಲ. ಗಿಡದಲ್ಲಿ ಕೊಲಾಜೆನ್ ಇಲ್ಲ, ನಿಜ. ಆದರೆ ಬೇಳೆ, ಕಾಳು, ಹಾಲಿನ ಪ್ರೋಟೀನಿನಿಂದಲೂ ದೇಹ ಕೊಲಾಜೆನ್ ಕಟ್ಟಿಕೊಳ್ಳುತ್ತದೆ. ಜ್ವರ ಬಿಟ್ಟವರಿಗೆ ಹುರುಳಿ ಕಟ್ಟಿನ ಸಾರು, ಮೆಣಸು ಬೆಳ್ಳುಳ್ಳಿ ಜೋರಾಗಿ ಹಾಕಿ, ನಿಂಬೆ ಹಿಂಡಿ ಕೊಟ್ಟರೆ ಬಿಸಿ, ಉಪ್ಪು, ನೀರು, ರುಚಿ ಎಲ್ಲ ಸಿಗುತ್ತದೆ. ಬಸಿದ ಕಾಳನ್ನೂ ಊಟಕ್ಕೆ ಹಾಕಿ.

ಉಳಿದ ಸೂಪನ್ನು ಇಡುವ ವಿಷಯ ಒಂದು ಬಾಕಿ. ಕುದಿಸಿದ್ದೇವಲ್ಲ, ಕೆಡುವುದಿಲ್ಲ ಎಂದು ಒಲೆಯ ಮೇಲೇ ರಾತ್ರಿಯಿಡೀ ಬಿಡಬೇಡಿ. ಕೆಲವು ಬ್ಯಾಕ್ಟೀರಿಯಾಗಳ ಬೀಜಕಣಗಳು ಕುದಿಯನ್ನೂ ತಾಳಿ, ಸೂಪು ಉಗುರುಬೆಚ್ಚಗಾದಾಗ ಮೊಳೆತು ಹೆಚ್ಚುತ್ತವೆ. ದೊಡ್ಡ ಪಾತ್ರೆ ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಅವಕ್ಕೆ ಅಷ್ಟು ಸಾಕು. ಬಸಿದ ಕೂಡಲೇ ಅಗಲ ಬಾಯಿಯ ಸಣ್ಣ ಪಾತ್ರೆಗಳಿಗೆ ಹಂಚಿ, ತಣ್ಣೀರಿನ ತಟ್ಟೆಯಲ್ಲಿಟ್ಟು ತಣಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮೂರು ದಿನ ನಿಲ್ಲುತ್ತದೆ. ಫ್ರಿಜ್ ಇಲ್ಲದಿದ್ದರೆ ಎರಡು ಕಾಲಿನದಷ್ಟೇ ಮಾಡಿ, ಅವತ್ತೇ ಮುಗಿಸಿ. ಮತ್ತೆ ಕುಡಿಯುವಾಗ ಬೆಚ್ಚಗೆ ಮಾಡಿದರೆ ಸಾಲದು, ಬುಳುಬುಳು ಕುದಿಯಬೇಕು, ಮತ್ತು ಬೇಕಾದಷ್ಟನ್ನು ಮಾತ್ರ ತೆಗೆದು ಕಾಯಿಸಬೇಕು.